ಅಭ್ಯಂಜನದ ಎಣ್ಣೆಗೆ ನೀರೇ ಹಗೆ

ದೀಪಾವಳಿ ಹತ್ತಿರವಾದಂತೆ ಎಣ್ಣೆ ಸ್ನಾನದ ಮಾತು ಮನೆಮನೆಯಲ್ಲೂ ಏಳುತ್ತದೆ. ಪರಿಮಳದ ಎಣ್ಣೆಯನ್ನು ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಹಿಡಿಯುವುದು ಒಂದೇ ದಾರಿ: ಒಂದು ಬಾಟಲಿ ಕೊಬ್ಬರಿ ಎಣ್ಣೆ, ಅದರೊಳಗೆ ಒಂದು ಬೊಗಸೆ ಮಲ್ಲಿಗೆಯೋ ಗುಲಾಬಿ ಎಸಳೋ, ಮೇಲೊಂದು ಮುಚ್ಚಳ. ಮೊದಲ ಎರಡು ದಿನ ಘಮ ಚೆನ್ನಾಗಿಯೇ ಇರುತ್ತದೆ. ನಾಲ್ಕನೆಯ ದಿನ ಹೂವು ಕಂದುಬಣ್ಣಕ್ಕೆ ತಿರುಗುತ್ತದೆ, ವಾರ ಕಳೆಯುವಷ್ಟರಲ್ಲಿ ಮುಚ್ಚಳ ತೆಗೆದರೆ ಹುಳಿ ವಾಸನೆ. ಆಗ ಹೂವು ಸರಿ ಇರಲಿಲ್ಲ, ಎಣ್ಣೆ ಕಲಬೆರಕೆಯದು, ಪರಿಮಳ ಇನ್ನಷ್ಟು ಹಾಕಬೇಕಿತ್ತು ಎಂದೆಲ್ಲ ಕಾರಣ ಹುಡುಕುತ್ತೇವೆ. ನಿಜವಾದ ಕಾರಣ ಬಾಟಲಿಯ ತಳದಲ್ಲೇ ಕೂತಿರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಎಣ್ಣೆಯ ಕೆಳಗೆ ಮಸುಕಾದ ಸಣ್ಣ ಹನಿಗಳು ಕಾಣುತ್ತವೆ. ಅದು ಹೂವು ಬಿಟ್ಟ ನೀರು. ಮನೆಯ ಸುಗಂಧ ತೈಲ ಒಳ್ಳೆಯದಾಗುವುದೂ ಕೆಡುವುದೂ ಹೆಚ್ಚಾಗಿ ಈ ಒಂದು ವಿಷಯದ ಮೇಲೆಯೇ ನಿಂತಿದೆ. ಯಾವ ಪರಿಮಳ, ಎಷ್ಟು ದುಬಾರಿ ಎಣ್ಣೆ ಎಂಬುದು ಆಮೇಲಿನ ಪ್ರಶ್ನೆ. ನೀರನ್ನು ಹೊರಗಿಡುವುದು ಹೇಗೆ ಎಂಬುದು ಮೊದಲ ಪ್ರಶ್ನೆ.

ಇದರ ಹಿಂದಿನ ಲೆಕ್ಕ ಸರಳ. ಬ್ಯಾಕ್ಟೀರಿಯಾಕ್ಕಾಗಲಿ ಬೂಸ್ಟಿಗಾಗಲಿ ಬೆಳೆಯಲು ನೀರು ಬೇಕೇ ಬೇಕು. ಶುದ್ಧ ಎಣ್ಣೆಯಲ್ಲಿ ಅವಕ್ಕೆ ನೀರು ಸಿಗುವುದಿಲ್ಲ. ಹಾಗಾಗಿ ಅಂಗಡಿಯಿಂದ ತಂದ ಎಣ್ಣೆ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದರೂ ಬೂಸ್ಟು ಹಿಡಿಯುವುದಿಲ್ಲ. ತಾಜಾ ಹೂವಿನ, ಹಸಿ ಎಲೆಯ ತೂಕದಲ್ಲಿ ದೊಡ್ಡ ಪಾಲು ನೀರೇ. ಅದನ್ನು ಎಣ್ಣೆಗೆ ಹಾಕಿದರೆ ನೀರು ನಿಧಾನವಾಗಿ ಹೊರಬರುತ್ತದೆ, ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ಹೂವಿನ ಜೊತೆಗೇ ಬಂದ ಸೂಕ್ಷ್ಮಜೀವಿಗಳಿಗೆ ಅಲ್ಲೇ ಮನೆಯಾಗುತ್ತದೆ. ಎಣ್ಣೆಯ ಮೇಲೆ ತೇಲಿ ಗಾಳಿಗೆ ತೆರೆದುಕೊಂಡ ಎಸಳಿಗೆ ಬೂಸ್ಟು ಹಿಡಿಯುತ್ತದೆ. ಇದರ ಜೊತೆಗೆ ನೀರು ಎಣ್ಣೆಯನ್ನೂ ಒಡೆಯುತ್ತದೆ. ತೇವ ಸೇರಿದ ಕೊಬ್ಬರಿ ಎಣ್ಣೆ ನಿಧಾನವಾಗಿ ಕೊಬ್ಬಿನಾಮ್ಲಗಳಾಗಿ ಬಿಡಿಸಿಕೊಂಡು ಸಾಬೂನಿನಂಥ ವಾಸನೆ ಕೊಡುತ್ತದೆ. ಗಾಳಿ, ಬೆಳಕು ಮತ್ತು ಶಾಖದಿಂದ ಬರುವ ಕಮಟು ಇನ್ನೊಂದು ಬಗೆಯದು. ಅದನ್ನು ತಡೆಯಲು ವಿಟಮಿನ್ ಇ ನೆರವಾಗುತ್ತದೆ. 400 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಚುಚ್ಚಿ ಹಿಂಡಿದರೆ ಕಾಲು ಲೀಟರ್ ಎಣ್ಣೆಗೆ ಸಾಕು. ಆದರೆ ವಿಟಮಿನ್ ಇ ಬೂಸ್ಟನ್ನು ತಡೆಯುವ ವಸ್ತುವಲ್ಲ. ಅದನ್ನು ಹಾಕಿದ್ದೇವೆಂದು ಹಸಿ ಹೂವನ್ನು ಎಣ್ಣೆಯಲ್ಲೇ ಬಿಟ್ಟರೆ ಎಣ್ಣೆ ಉಳಿಯುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಆಯುರ್ವೇದದ ತೈಲಗಳನ್ನು ನೀರು ಹಾಕಿಯೇ ಕಾಯಿಸುತ್ತಾರಲ್ಲ, ಹಾಗಿದ್ದರೆ ನೀರು ಹಗೆ ಹೇಗಾಯಿತು? ತೈಲಪಾಕದ ಸಾಂಪ್ರದಾಯಿಕ ಅಳತೆಯಲ್ಲಿ ಒಂದು ಪಾಲು ಅರೆದ ಗಿಡಮೂಲಿಕೆ (ಅದೇ ಕಲ್ಕ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ಕಷಾಯ ಅಥವಾ ಬೇರೆ ದ್ರವ ಇರುತ್ತದೆ. ಎಣ್ಣೆಯ ನಾಲ್ಕರಷ್ಟು ನೀರು! ಆದರೆ ಆ ವಿಧಾನವನ್ನು ಕೊನೆಯವರೆಗೂ ಗಮನಿಸಿದರೆ ಅದು ನಮ್ಮ ವಾದಕ್ಕೇ ಸಾಕ್ಷಿಯಾಗುತ್ತದೆ. ನೀರಿರುವವರೆಗೂ ಪಾತ್ರೆಯ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಮೂಲಿಕೆ ಸುಡದೆ ಬೇಯುತ್ತದೆ, ಅದರ ಸಾರ ಇಳಿಯುತ್ತದೆ. ಆ ಕೆಲಸ ಮುಗಿದ ಮೇಲೆ ನೀರು ಒಂದು ಹನಿಯೂ ಉಳಿಯಬಾರದು ಎಂದು ಶಾಸ್ತ್ರ ಹಟ ಹಿಡಿಯುತ್ತದೆ, ಅದನ್ನು ಪರೀಕ್ಷಿಸುವ ದಾರಿಯನ್ನೂ ಹೇಳುತ್ತದೆ. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತೆ ಆಗಬೇಕು. ಅದನ್ನು ಬೆಂಕಿಗೆ ಹಾಕಿದರೆ ಚಟಪಟ ಸದ್ದು ಬರಬಾರದು. ತೈಲದಲ್ಲಿ ನೊರೆ ಏಳಬೇಕು. ಸದ್ದು ಬಂದರೆ ನೀರು ಇನ್ನೂ ಇದೆ ಎಂದರ್ಥ. ಮೂಗಿಗೆ ಹಾಕುವ ತೈಲಕ್ಕೆ ಮೃದುಪಾಕ ಸಾಕೆಂದು, ಮೈಗೆ ಹಚ್ಚುವ ತೈಲಕ್ಕೆ ಖರಪಾಕವಾಗಬೇಕೆಂದು ಚರಕ ಸಂಹಿತೆ ಹೇಳುತ್ತದೆ. ಖರಪಾಕ ಎಂದರೆ ಕಲ್ಕ ಗರಿಗರಿಯಾಗುವಷ್ಟು ನೀರು ಹೋಗಿರುವ ಹದ. ಅಭ್ಯಂಜನದ ಎಣ್ಣೆ ಹೆಚ್ಚು ಕಾಲ ಇಡುವಂಥದ್ದಾದ್ದರಿಂದ ಈ ಹದ ನಮಗೂ ಒಪ್ಪುತ್ತದೆ.

ಈ ಪರೀಕ್ಷೆಯನ್ನು ನಮ್ಮ ಮನೆಗಳಲ್ಲಿ ಇನ್ನೂ ಸುಲಭವಾಗಿ ಮಾಡಬಹುದು. ತಯಾರಾದ ಎಣ್ಣೆಯಲ್ಲಿ ಒಣ ಹತ್ತಿಯ ಬತ್ತಿಯೊಂದನ್ನು ಅದ್ದಿ, ಹಣತೆಯಲ್ಲಿಟ್ಟು ಹಚ್ಚಿ. ದೀಪ ಸದ್ದಿಲ್ಲದೆ ಉರಿದರೆ ಎಣ್ಣೆ ಒಣಗಿದೆ. ಚಿಟಿಚಿಟಿ ಎಂದು ಸಿಡಿದರೆ ಬಾಟಲಿಗೆ ತುಂಬುವ ಹೊತ್ತು ಇನ್ನೂ ಬಂದಿಲ್ಲ. ಬತ್ತಿ ಅದ್ದುವಾಗ ಬಾಟಲಿಯ ತಳದ ಎಣ್ಣೆಯನ್ನು ತೆಗೆದುಕೊಳ್ಳಬೇಕು. ನೀರಿದ್ದರೆ ಅಲ್ಲೇ ಇರುತ್ತದೆ, ಮೇಲಿನ ಎಣ್ಣೆ ನೋಡಿ ಸಮಾಧಾನಪಡುವುದರಲ್ಲಿ ಅರ್ಥವಿಲ್ಲ. ಎಣ್ಣೆಯನ್ನು ಒಂದೆರಡು ದಿನ ಅಲುಗಾಡಿಸದೆ ಇಟ್ಟು, ಮೇಲಿನದನ್ನು ಮೆಲ್ಲಗೆ ಬಗ್ಗಿಸಿಕೊಂಡು, ತಳದ ಎರಡು ಚಮಚವನ್ನು ಬಿಟ್ಟುಬಿಡುವುದು ಇದಕ್ಕೆ ಜೊತೆಯಾದ ಅಭ್ಯಾಸ. ಆ ಎರಡು ಚಮಚವನ್ನು ಉಳಿಸಲು ಹೋಗಿ ಇಡೀ ಬಾಟಲಿಯನ್ನು ಕಳೆದುಕೊಳ್ಳುವವರೇ ಹೆಚ್ಚು.

ಒಣ ಬೇರು, ಒಣ ಹೂವಿನಿಂದ ಶುರು

ನೀರಿನ ಕಾಟವೇ ಇಲ್ಲದ ವಸ್ತುವನ್ನು ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಲಾವಂಚದ ಬೇರು, ಕಚೋರ, ಕೊನ್ನಾರಿ ಗಡ್ಡೆ ಅಥವಾ ಭದ್ರಮುಷ್ಟಿ, ಶ್ರೀಗಂಧದ ಚೂರು, ಇವೆಲ್ಲ ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ ರೂಪದಲ್ಲೇ ಸಿಗುತ್ತವೆ. ಇವುಗಳ ಪರಿಮಳ ಭಾರವಾದದ್ದು, ಹದವಾದ ಬಿಸಿಗೆ ಹಾರಿಹೋಗುವುದಿಲ್ಲ. ಅರ್ಧ ಲೀಟರ್ ಎಳ್ಳೆಣ್ಣೆಗೆ ಇಪ್ಪತ್ತು ಗ್ರಾಂ ಲಾವಂಚ, ಹದಿನೈದು ಗ್ರಾಂ ಕಚೋರ, ಹದಿನೈದು ಗ್ರಾಂ ಕೊನ್ನಾರಿ ಗಡ್ಡೆ ಸರಿಯಾದ ಅಳತೆ. ಲಾವಂಚದ ಬೇರಿನಲ್ಲಿ ಮಣ್ಣು ಸೇರಿರುತ್ತದೆ. ತೊಳೆದರೆ ಎರಡು ಮೂರು ದಿನ ಬಿಸಿಲಲ್ಲಿ ಒಣಗಿಸಿಯೇ ಮುಂದಿನ ಕೆಲಸ. ಮುರಿದರೆ ಬಾಗದೆ ಲಟಕ್ಕನೆ ಮುರಿಯಬೇಕು. ಉಳಿದವನ್ನು ತರಿತರಿಯಾಗಿ ಕುಟ್ಟಿಕೊಳ್ಳಿ, ನುಣ್ಣಗೆ ಪುಡಿ ಮಾಡಿದರೆ ಸೋಸುವುದು ಕಷ್ಟ. ಎಲ್ಲವನ್ನೂ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಆ ಪಾತ್ರೆಯನ್ನು ನೀರು ಕಾಯುತ್ತಿರುವ ದೊಡ್ಡ ಪಾತ್ರೆಯೊಳಗೆ ಇಟ್ಟು ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಡಿ. ಒಳಗಿನ ಪಾತ್ರೆಗೆ ತಟ್ಟೆ ಮುಚ್ಚಬೇಡಿ. ಹೊರಗಿನ ನೀರಿನ ಹಬೆ ತಟ್ಟೆಯ ಅಡಿಯಲ್ಲಿ ಕಟ್ಟಿ ಎಣ್ಣೆಗೇ ತೊಟ್ಟಿಕ್ಕುತ್ತದೆ. ಒಣ ಬಟ್ಟೆ ಕಟ್ಟಿದರೆ ಸಾಕು, ಹಬೆ ತಾಗಿ ಬಟ್ಟೆ ತೇವವಾದರೆ ಬೇರೆ ಬಟ್ಟೆ ಹಾಕಬೇಕು. ತಣ್ಣಗಾದ ಮೇಲೆ ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಎರಡು ದಿನ ತಿಳಿಯಾಗಲು ಬಿಟ್ಟು, ಬತ್ತಿಯ ಪರೀಕ್ಷೆ ಮಾಡಿ ತುಂಬಿಡಬಹುದು.

ಶ್ರೀಗಂಧದ ವಿಷಯದಲ್ಲಿ ಒಂದು ಎಚ್ಚರ. ಸಾಣೆಕಲ್ಲಿನ ಮೇಲೆ ನೀರು ಹಾಕಿ ತೇಯ್ದ ಗಂಧವನ್ನು ಹಾಗೇ ಎಣ್ಣೆಗೆ ಬೆರೆಸುವುದು ಹಲವರ ರೂಢಿ. ಅದು ಅಂದಂದಿಗೆ ಹಚ್ಚಿಕೊಳ್ಳಲು ಸರಿ, ಇಟ್ಟುಕೊಳ್ಳುವ ಎಣ್ಣೆಗೆ ಸಲ್ಲದು. ತೇಯ್ದ ಗಂಧದ ಜೊತೆ ನೀರೂ ಒಳಗೆ ಹೋಗುತ್ತದೆ. ತೇಯ್ದದ್ದನ್ನು ತಟ್ಟೆಯಲ್ಲಿ ಹರಡಿ ಪೂರ್ತಿ ಒಣಗಿಸಿ, ಆ ಪುಡಿಯನ್ನು ಎಣ್ಣೆಗೆ ಹಾಕಬೇಕು. ಗುಲಾಬಿ ಜಲವನ್ನು ಎಣ್ಣೆಗೆ ಸುರಿಯುವುದೂ ಇದೇ ಬಗೆಯ ತಪ್ಪು. ಗಂಧದೆಣ್ಣೆ ಎಂದು ಅಗ್ಗದ ಬೆಲೆಗೆ ಸಿಗುವ ಸಣ್ಣ ಶೀಶೆಗಳ ಬಗ್ಗೆಯೂ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಅಂದಿನಿಂದ ಇಂದಿನವರೆಗೂ ಆ ಎಣ್ಣೆ ತೆಗೆಯುವುದು ಬಲಿತ ಮರದ ಚೇಗಿನಿಂದ, ಹಲವು ಗಂಟೆ ಹಬೆ ಹಾಯಿಸಿ. ಅಷ್ಟು ಶ್ರಮದ ಸರಕು ಅಗ್ಗಕ್ಕೆ ಸಿಗುವುದಿಲ್ಲ. ಅಗ್ಗಕ್ಕೆ ಸಿಕ್ಕದ್ದು ಬಹುಮಟ್ಟಿಗೆ ಕೃತಕ ಪರಿಮಳ ಬೆರೆತದ್ದಾಗಿರುತ್ತದೆ.

ಹೂವಿನ ಪರಿಮಳವೇ ಬೇಕು ಎನ್ನುವವರಿಗೆ ಕನ್ನಡ ನಾಡಿನಲ್ಲೇ ಎರಡು ಒಳ್ಳೆಯ ಉತ್ತರಗಳಿವೆ: ರಂಜೆ ಮತ್ತು ಸುರಗಿ. ಬಕುಳವೆಂದೂ ಕರೆಯುವ ರಂಜೆಯ ಹೂವು ಮರದಡಿಯಲ್ಲಿ ಉದುರಿ ಬಿದ್ದ ಮೇಲೂ, ಮಾಲೆ ಕಟ್ಟಿ ಒಣಗಿಸಿದ ಮೇಲೂ ಘಮ ಬಿಡುತ್ತಲೇ ಇರುತ್ತದೆ. ಕರಾವಳಿ, ಮಲೆನಾಡಿನ ಸುರಗಿಯೂ ಹಾಗೆಯೇ. ಒಣಗಿದ ಸುರಗಿ ಮಾಲೆಯನ್ನು ಬಟ್ಟೆಗಳ ನಡುವೆ ಇಡುವವರು ಈಗಲೂ ಇದ್ದಾರೆ. ಪರಿಮಳ ಉಳಿದು ನೀರು ಮಾತ್ರ ಹೋದ ಹೂವಿಗಿಂತ ಎಣ್ಣೆ ಮಾಡುವವರಿಗೆ ಇನ್ನೇನು ಬೇಕು? ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಎರಡು ಹಿಡಿ ಒಣ ರಂಜೆಯನ್ನೋ ಸುರಗಿಯನ್ನೋ ಹಾಕಿ, ಕಪ್ಪು ಬಟ್ಟೆ ಸುತ್ತಿದ ಗಾಜಿನ ಬಾಟಲಿಯಲ್ಲಿ ಬೆಚ್ಚಗಿನ ಜಾಗದಲ್ಲಿ ವಾರವಿಟ್ಟು ಸೋಸಿ, ಘಮ ಸಾಲದಿದ್ದರೆ ಹೊಸ ಹೂವು ಹಾಕಿ ಇನ್ನೊಂದು ವಾರ ಇಡಬಹುದು. ನೆರಳಲ್ಲಿ ಒಣಗಿಸಿದ ದವನ, ಮರುಗಕ್ಕೂ ಇದೇ ದಾರಿ. ಬಿಸಿಲಲ್ಲಿ ಇಡುವವರು ಬಾಟಲಿಗೆ ಬಟ್ಟೆ ಸುತ್ತುವುದನ್ನು ಮರೆಯಬಾರದು. ಬೇಕಾದದ್ದು ಬಿಸಿಲಿನ ಶಾಖ ಮಾತ್ರ, ಬೆಳಕು ಎಣ್ಣೆಯನ್ನು ಕಮಟು ಮಾಡುತ್ತದೆ.

ಮಲ್ಲಿಗೆಗೆ ಬೇರೆ ಹದ

ಹಾಗಿದ್ದರೆ ಮಲ್ಲಿಗೆಯ ಎಣ್ಣೆ ಮನೆಯಲ್ಲಿ ಆಗುವುದೇ ಇಲ್ಲವೇ? ಆಗುತ್ತದೆ, ಆದರೆ ಅದಕ್ಕೆ ತಾಳ್ಮೆ ಬೇಕು. ಮಲ್ಲಿಗೆಯನ್ನು ಎಣ್ಣೆಯಲ್ಲಿ ಕುದಿಸಿದರೆ ನೀರಿನ ಜೊತೆಗೆ ಘಮವೂ ಹೋಗಿ ಬೆಂದ ಸೊಪ್ಪಿನ ವಾಸನೆ ಉಳಿಯುತ್ತದೆ. ಒಣಗಿಸಿದರೆ ಪರಿಮಳವೇ ಇರುವುದಿಲ್ಲ. ಆದರೆ ಮಲ್ಲಿಗೆಗೆ ಒಂದು ಗುಣವಿದೆ: ಕಿತ್ತ ಮೇಲೂ ಹಲವು ಗಂಟೆ ಹೊಸದಾಗಿ ಪರಿಮಳ ಹೊರಬಿಡುತ್ತಲೇ ಇರುತ್ತದೆ. ಸುಗಂಧದ ಕಸುಬಿನವರು ಈ ಗುಣವನ್ನೇ ನೆಚ್ಚಿಕೊಂಡರು. ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಗಾಜಿನ ಹಲಗೆಗೆ ಕೊಬ್ಬು ಸವರಿ ಅದರ ಮೇಲೆ ಮಲ್ಲಿಗೆ ಹರಡಿ, ದಿನವೂ ಹೂವು ಬದಲಾಯಿಸುತ್ತಿದ್ದರು. ಉತ್ತರ ಪ್ರದೇಶದ ಜೌನ್‌ಪುರ, ಗಾಜೀಪುರದ ಕಡೆ ಎಣ್ಣೆಯ ಬದಲು ಎಳ್ಳಿನ ಕಾಳಿನ ಮೇಲೆಯೇ ಹೂವನ್ನು ಪದರ ಪದರವಾಗಿ ಹರಡಿ, ಬಾಡಿದ್ದನ್ನು ತೆಗೆದು ಹೊಸದನ್ನು ಹಾಕಿ, ಕಾಳು ಘಮ ಹೀರಿದ ಮೇಲೆ ಗಾಣಕ್ಕೆ ಕೊಡುತ್ತಿದ್ದರು.  ಗ್ರಾಸ್‌ನಲ್ಲಾಗಲಿ ಜೌನ್‌ಪುರದಲ್ಲಾಗಲಿ ಹೂವನ್ನು ಎಣ್ಣೆಯಲ್ಲಿ ಮುಳುಗಿಸಿ ಮರೆತವರು ಯಾರೂ ಇಲ್ಲ. ಹೂವಿನ ಘಮವನ್ನು ಮಾತ್ರ ತೆಗೆದುಕೊಂಡು ಅದರ ನೀರನ್ನು ಆದಷ್ಟು ಹೊರಗಿಟ್ಟರು.

ಮನೆಗೆ ಈ ವಿಧಾನವನ್ನು ಹೀಗೆ ಇಳಿಸಿಕೊಳ್ಳಬಹುದು. ಸಂಜೆ ತಂದ ಮೊಗ್ಗನ್ನು ನೀರು ಚಿಮುಕಿಸದೆ ತೆಳು ಬಟ್ಟೆಯ ಮೇಲೆ ಹರಡಿ, ಮೇಲಿನ ಪಸೆ ಆರಿದ ಮೇಲೆ ನೂರೈವತ್ತು ಮಿಲಿಲೀಟರ್ ಎಣ್ಣೆಗೆ ಒಂದು ಹಿಡಿಯಂತೆ ಹಾಕಿ. ಹೂವಿನಂಗಡಿಯವರು ಹೂವು ಬಾಡದಿರಲೆಂದು ನೀರು ಚಿಮುಕಿಸುವುದು ಸಾಮಾನ್ಯ, ಆದ್ದರಿಂದ ಕಟ್ಟಿದ ಹೂವಿಗಿಂತ ಬಿಡಿ ಮೊಗ್ಗೇ ವಾಸಿ. ಹನ್ನೆರಡು ಗಂಟೆ ಕಳೆದ ಮೇಲೆ ಹೂವನ್ನು ಜಾಲರಿಯಲ್ಲಿ ಎತ್ತಿಬಿಡಿ, ಹಿಂಡಬೇಡಿ. ಹಿಂಡಿದರೆ ನೀರೂ ಬರುತ್ತದೆ. ಇದನ್ನೇ ಹೊಸ ಹೂವಿನಿಂದ ಐದಾರು ಸಲ ಮಾಡಿ, ಕೊನೆಗೆ ಎರಡು ದಿನ ನಿಲ್ಲಿಸಿ, ತಳವನ್ನು ಬಿಟ್ಟು ಬಗ್ಗಿಸಿಕೊಳ್ಳಬೇಕು. ಬತ್ತಿ ಸಿಡಿದರೆ ಮತ್ತೊಂದು ದಿನ ನಿಲ್ಲಿಸಿ ಮತ್ತೆ ಬಗ್ಗಿಸಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಚಳಿಗಾಲದಲ್ಲಿ ಈ ಕೆಲಸಕ್ಕೆ ಎಳ್ಳೆಣ್ಣೆಯೇ ಅನುಕೂಲ. ಇಷ್ಟೆಲ್ಲ ಮಾಡಿದರೂ ಮಲ್ಲಿಗೆ ಎಣ್ಣೆ ಬೇರಿನ ಎಣ್ಣೆಯಷ್ಟು ಬಾಳದು. ಸ್ವಲ್ಪ ಮಾಡಿ, ಒಂದು ತಿಂಗಳೊಳಗೆ ಮುಗಿಸುವುದೇ ಅದರ ನಿಯಮ. ಹಿಂದಿನವರು ಹಸಿ ಹೂವು ಹಾಕಿದ ಎಣ್ಣೆಯನ್ನೇ ಬಳಸುತ್ತಿರಲಿಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ. ಅವರು ಕಾಯಿಸಿದ್ದನ್ನು ವರ್ಷಕ್ಕಿಟ್ಟರು, ಹಸಿಯಾದದ್ದನ್ನು ವಾರದಲ್ಲಿ ಖರ್ಚು ಮಾಡಿದರು. ನಾವು ಎರಡನ್ನೂ ಬೆರೆಸಿ, ಹಸಿಯದನ್ನು ವರ್ಷಕ್ಕೆ ಇಡಲು ಹೊರಟಿದ್ದೇವೆ.

ಶೀಶೆಯ ಪರಿಮಳ, ಅಳತೆ ಮತ್ತು ಚರ್ಮ

ಇಷ್ಟೆಲ್ಲ ರಗಳೆ ಯಾಕೆ, ಅಂಗಡಿಯಲ್ಲಿ ಸಿಗುವ ಎಸೆನ್ಶಿಯಲ್ ಆಯಿಲ್ ನಾಲ್ಕು ಹನಿ ಹಾಕಿದರೆ ಆಯಿತಲ್ಲ ಎಂಬುದು ನ್ಯಾಯವಾದ ಮಾತೇ. ಹಬೆಯಲ್ಲಿ ಬಟ್ಟಿ ಇಳಿಸಿ ನೀರನ್ನು ಬೇರ್ಪಡಿಸಿದ ಈ ಸಾರದಲ್ಲಿ ನೀರಿನ ಸಮಸ್ಯೆ ಮೊದಲೇ ಬಗೆಹರಿದಿರುತ್ತದೆ. ಆದರೆ ಅಲ್ಲಿ ಬೇರೆ ಅಪಾಯ ಎದುರಾಗುತ್ತದೆ: ಅದು ಅತಿ ಸಾಂದ್ರ. ಇಪ್ಪತ್ತು ಹನಿ ಸುಮಾರು ಒಂದು ಮಿಲಿಲೀಟರ್. ದೊಡ್ಡವರು ಮೈಗೆ ಹಚ್ಚುವ ನೂರು ಮಿಲಿಲೀಟರ್ ಎಣ್ಣೆಗೆ ಅಷ್ಟು ಸಾಕು, ಅಂದರೆ ಶೇಕಡಾ ಒಂದು. ಹನಿಯ ಗಾತ್ರ ಶೀಶೆಯಿಂದ ಶೀಶೆಗೆ ಬದಲಾಗುವುದರಿಂದ ಔಷಧದಂಗಡಿಯ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯುವುದು ಉತ್ತಮ. ಲವಂಗದೆಣ್ಣೆ, ಮಜ್ಜಿಗೆಹುಲ್ಲಿನ ಎಣ್ಣೆಗೆ ಇದರ ಅರ್ಧವೇ ಮಿತಿ. ದಾಲ್ಚಿನ್ನಿ ತೊಗಟೆಯ ಎಣ್ಣೆಯಂತೂ ಚರ್ಮಕ್ಕೆ ಬೇಡವೇ ಬೇಡ. ಸಿಪ್ಪೆಯಿಂದ ಹಿಂಡಿ ತೆಗೆದ ನಿಂಬೆ ಜಾತಿಯ ಕೆಲವು ಎಣ್ಣೆಗಳನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತದೆ. ಗಿಡದಿಂದ ಬಂದದ್ದು, ಹಾಗಾಗಿ ನಿರಪಾಯ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಹೊಸ ಎಣ್ಣೆಯನ್ನು ಮೊಣಕೈ ಒಳಮಡಿಕೆಗೆ ಹಚ್ಚಿ ಒಂದೆರಡು ದಿನ ಕಾದು, ಕೆಂಪು, ತುರಿಕೆ ಇಲ್ಲದಿದ್ದರೆ ಮಾತ್ರ ಮೈಗೆಲ್ಲ ಹಚ್ಚಬೇಕು. ಕೂಸುಗಳ ಎಣ್ಣೆಗೆ ಯಾವ ಪರಿಮಳವೂ ಬೇಡ. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು ಬರಬಹುದು, ಶೀಶೆಗಳನ್ನು ಅವರ ಕೈಗೆಟುಕದಂತೆ ಇಡಬೇಕು. ಬಸುರಿಯರು ವೈದ್ಯರನ್ನು ಕೇಳಿಯೇ ಬಳಸಲಿ.

ಈ ಸಾರವನ್ನು ನೇರವಾಗಿ ಬಕೆಟ್ಟಿನ ಬಿಸಿನೀರಿಗೆ ಹಾಕುವವರಿದ್ದಾರೆ. ಅದು ನೀರಿನಲ್ಲಿ ಕರಗುವುದಿಲ್ಲ, ಮೇಲೆ ತೇಲುತ್ತದೆ, ಮೊದಲ ಚೊಂಬಿನಲ್ಲೇ ಹಸಿ ಸಾರ ಮೈಗೆ ತಾಗಿ ಉರಿಯುತ್ತದೆ. ಮೊದಲು ಎಣ್ಣೆಯಲ್ಲಿ ಬೆರೆಸಿ, ಎಣ್ಣೆಯಾಗಿಯೇ ಮೈಗೆ ಹಚ್ಚುವ ನಮ್ಮ ಪದ್ಧತಿ ಹೆಚ್ಚು ಸುರಕ್ಷಿತ. ಸಾರವನ್ನು ಬೆರೆಸುವ ಹೊತ್ತೂ ಮುಖ್ಯ: ಬೇರಿನ ಎಣ್ಣೆ ಸೋಸಿ ಪೂರ್ತಿ ತಣ್ಣಗಾದ ಮೇಲೆಯೇ. ಆಯುರ್ವೇದದಲ್ಲಿ ಕರ್ಪೂರದಂಥ ಹಾರಿಹೋಗುವ ದ್ರವ್ಯಗಳನ್ನು ಎಣ್ಣೆಯ ಜೊತೆ ಕಾಯಿಸದೆ, ಸೋಸುವ ಪಾತ್ರೆಯಲ್ಲಿಟ್ಟು ಅದರ ಮೇಲೆ ತೈಲ ಸೋಸುವ ಪಾತ್ರಪಾಕ ಎಂಬ ಕ್ರಮವೇ ಇದೆ. ಬೆಂಕಿ ನೀರನ್ನು ಓಡಿಸಲಿಕ್ಕೆ, ಪರಿಮಳ ಬೆಂಕಿ ಆರಿದ ಮೇಲೆ. ಕಾಯಿಸಿದರೆ ಘಮ ಹೋಗುತ್ತದೆ ಎನ್ನುವ ಆಕ್ಷೇಪಕ್ಕೆ ಇದರಲ್ಲೇ ಪರಿಹಾರವಿದೆ.

ಹಸಿ ತುಳಸಿ, ಕರಿಬೇವನ್ನು ಹಾಕಿ ಕಾಯಿಸುವವರು ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೀರು ಸಿಡಿದು ಎಣ್ಣೆ ಉಕ್ಕುತ್ತದೆ. ಮೊದಲು ದೊಡ್ಡ ಗುಳ್ಳೆ, ಜೋರು ಸದ್ದು, ಆಮೇಲೆ ಸಣ್ಣ ಗುಳ್ಳೆ, ಸದ್ದು ಕುಗ್ಗುತ್ತದೆ, ಎಲೆ ಗರಿಗರಿಯಾಗುತ್ತದೆ. ಆ ಕ್ಷಣವೇ ಒಲೆ ಆರಿಸಬೇಕು. ನೀರು ಮುಗಿದ ಮೇಲೆ ಎಣ್ಣೆಯ ಬಿಸಿಯನ್ನು ತಡೆಯುವವರಿಲ್ಲ, ಎರಡೇ ನಿಮಿಷದಲ್ಲಿ ಎಲೆ ಕರಕಾಗಿ ಎಣ್ಣೆಗೆ ಸೀದ ವಾಸನೆ ಹತ್ತುತ್ತದೆ.

ಅಂಗಡಿಯ ಎಣ್ಣೆಯನ್ನು ಹಳಿಯಲು ಇದನ್ನೆಲ್ಲ ಹೇಳುತ್ತಿಲ್ಲ. ಅಲ್ಲಿನ ಹಲವು ಎಣ್ಣೆಗಳ ಮೂಲ ಖನಿಜ ತೈಲ. ಅದು ಕಮಟಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಬಾಳಿಕೆಯಲ್ಲಿ ಮನೆಯ ಎಣ್ಣೆ ಅದಕ್ಕೆ ಸಮನಲ್ಲ. ಮನೆಯ ಎಣ್ಣೆ ಕೂದಲು ಬೆಳೆಸುತ್ತದೆ, ರೋಗ ಕಳೆಯುತ್ತದೆ ಎಂದು ಹೇಳುವುದೂ ಸರಿಯಲ್ಲ. ಒಳಗೆ ಏನಿದೆ ಎಂದು ತಿಳಿದಿರುವುದು, ಘಮವನ್ನು ನಮಗೆ ಬೇಕಾದಷ್ಟಕ್ಕೆ ನಿಲ್ಲಿಸುವುದು, ನಮ್ಮ ಊರಿನ ಹೂವನ್ನೇ ಬಳಸುವುದು, ಇವೇ ಅದರ ಲಾಭ. ಈ ಲಾಭ ಉಳಿಯಬೇಕಾದರೆ ಬಚ್ಚಲಮನೆಯ ಅಭ್ಯಾಸವೂ ಬದಲಾಗಬೇಕು. ಎಷ್ಟು ಎಚ್ಚರದಿಂದ ಮಾಡಿದ ಎಣ್ಣೆಯಾದರೂ ಒದ್ದೆ ಬೆರಳು ಒಳಗೆ ಅದ್ದಿದ ದಿನದಿಂದ ಕೆಡಲು ಶುರುವಾಗುತ್ತದೆ. ದೊಡ್ಡ ಬಾಟಲಿ ಬಚ್ಚಲಿಗೆ ಹೋಗಬಾರದು. ಅಂದಿಗೆ ಬೇಕಾದಷ್ಟನ್ನು ಒಣ ಬಟ್ಟಲಿಗೆ ಬಗ್ಗಿಸಿಕೊಂಡು, ಮಿಕ್ಕಿದ್ದನ್ನು ಮತ್ತೆ ಬಾಟಲಿಗೆ ಸುರಿಯದೆ ಕಾಲಿಗೋ ಮೊಣಕೈಗೋ ಹಚ್ಚಿಬಿಡಬೇಕು. ಕಿರುಬಾಯಿಯ ಬಣ್ಣದ ಗಾಜಿನ ಶೀಶೆಗಳನ್ನು ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ, ಗಾಳಿಗೆ ಜಾಗವಿಲ್ಲದಂತೆ ಕುತ್ತಿಗೆಯವರೆಗೆ ತುಂಬಿ, ತಯಾರಿಸಿದ ದಿನಾಂಕದ ಚೀಟಿ ಅಂಟಿಸಿಡುವುದು ಒಳ್ಳೆಯದು. ಬೇರಿನ ಎಣ್ಣೆಯನ್ನು ಮೂರು ತಿಂಗಳೊಳಗೆ ಮುಗಿಸಿ. ಹುಳಿ, ಮುಗ್ಗಲು, ಕಮಟು ವಾಸನೆ ಬಂದದ್ದನ್ನು ಮತ್ತೆ ಕಾಯಿಸಿ ಉಳಿಸಲು ಹೋಗದೆ ಎಸೆಯಿರಿ. ಸ್ನಾನವಾದ ಮೇಲೆ ನೆಲವನ್ನು ಸೀಗೆಪುಡಿಯಿಂದಲೋ ಸೋಪಿನಿಂದಲೋ ತಿಕ್ಕಿ ತೊಳೆಯದಿದ್ದರೆ ಮುಂದೆ ಬರುವವರು ಜಾರಿ ಬೀಳುತ್ತಾರೆ.

ಮೊದಲ ಸಲ ಮಾಡುವವರು ಮಲ್ಲಿಗೆಗೆ ಕೈ ಹಾಕದೆ ಲಾವಂಚದಿಂದ ಶುರು ಮಾಡುವುದು ಲೇಸು. ಮಳೆಗಾಲದಲ್ಲಿ ಬೇರು, ಹೂವು ಯಾವುದೂ ಗರಿಯಾಗಿ ಒಣಗುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲೇ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟುಕೊಂಡರೆ ಮಹಾನವಮಿಯ ಹೊತ್ತಿಗೆ ಎಣ್ಣೆ ಕಾಯಿಸಬಹುದು, ನರಕ ಚತುರ್ದಶಿಯ ಬೆಳಗಿಗೆ ಅದು ತಿಳಿಯಾಗಿ ಸಿದ್ಧವಾಗಿರುತ್ತದೆ. ಒಂದು ಸಲ ಬೇರಿನ ಎಣ್ಣೆಯ ಹದ ಕೈಗೆ ಹತ್ತಿದರೆ ರಂಜೆ, ಸುರಗಿ, ಮಲ್ಲಿಗೆ ಒಂದೊಂದಾಗಿ ತಾವೇ ಒಲಿಯುತ್ತವೆ.